ಗೀರಿಲ್ಲದ್ದು

ತಾಯಿಯ ವಾಸನೆ ಎಂದರೆ ಒಬಿಯೆರೊಗೆ ಸೀಮೆಎಣ್ಣೆ ಮತ್ತು ಒಣಮೀನು. ಅವನು ಎದೆಹಾಲು ಬಿಡುವ ಮೊದಲೇ ತೀರಿಕೊಂಡ ತಾಯಿ ಬಿಟ್ಟುಹೋದದ್ದು ತಾನು ಹಾಡಿದ ಒಂದು ಗ್ರಾಮಫೋನ್ ರೆಕಾರ್ಡಿನ ಖಾಲಿ ಕಾಗದದ ಚೀಲ. ಚಿಕ್ಕಮ್ಮ ಅದನ್ನು ಮೀನಿನ ಮೂಟೆಯ ಹಿಂದೆ, ದೀಪದೆಣ್ಣೆಯ ಡಬ್ಬದ ಪಕ್ಕ ಇಟ್ಟಿದ್ದಳು. ಮಗು ಅದಕ್ಕೆ ಮೂಗು ಹಚ್ಚಿಕೊಂಡು ಮಲಗುತ್ತಿತ್ತು. ಒಳಗಿದ್ದ ರೆಕಾರ್ಡು ಎಂದೋ ಒಡೆದುಹೋಗಿತ್ತು.

ಈಗ ಅಸೆಂಬೊ ಊರಿನಲ್ಲಿ, ಸರೋವರದ ದಡದ ಹಳೆಯ ಅಂಗಡಿಯ ಹಿಂಗೋಣೆಯಲ್ಲಿ ಮಂಡಿಯೂರಿ ಕುಳಿತವನಿಗೆ ಅದೇ ವಾಸನೆ ಬಂತು. ಜೊತೆಗೆ ಏನೋ ಸುಟ್ಟ ಕಮಟು. ಅದರ ಕಡೆ ಅವನ ಗಮನವಿರಲಿಲ್ಲ. ಮೇಲಿನ ಪೆಟ್ಟಿಗೆ ಹಗುರವಾಗಿತ್ತು.

ಹೋದ ವಾರ ಅದು ತುಂಬಿತ್ತು. ಅಂಗಡಿಯ ಯಜಮಾನ ಯಾವುದೋ ಕಾಲದಲ್ಲಿ ನೈರೋಬಿಯಿಂದ ತರಿಸಿದ ರೆಕಾರ್ಡುಗಳು, ಮಾರಾಟವಾಗದೆ ಉಳಿದವು. ಯಜಮಾನ ತೀರಿಕೊಂಡಿದ್ದ. ಅವನ ಹೆಂಡತಿಯನ್ನು ಊರೆಲ್ಲ ತವರಿನ ಹೆಸರು ಹಿಡಿದು ನ್ಯಾರ್ ಸಕ್ವಾ ಎನ್ನುತ್ತಿತ್ತು. ಈಗವಳು ಬೆನ್ನು ಬಾಗಿದ ಅಜ್ಜಿ.

ಆ ದಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಎರಡನೆಯದೋ ಮೂರನೆಯದೋ ಕೈಗೆ ಬಂದಿತ್ತು. ನಡುವಿನ ಕೆಂಪು ಕಾಗದದ ಮೇಲೆ ಅಚ್ಚಾದ ಹೆಸರು: ಅಡೋಯೊ. ಅವನ ತಾಯಿ. ಸೂಜಿ ಒಮ್ಮೆಯೂ ತಾಕದ ಮೈ, ಮುಖ ನೋಡಿಕೊಳ್ಳಬಹುದಿತ್ತು.

ಅವನು ಉಸಿರು ಬಿಗಿಹಿಡಿದ. ಬೇಕೆಂದು ತೋರಿಸಿದರೆ ಕೆಟ್ಟಿತು. ಹಳೆಯ ಸರಕು ಹುಡುಕುವವರು ಮೊದಲು ಕಲಿಯುವ ಪಾಠ ಅದು.

"ಇದಕ್ಕೆಲ್ಲ ಏನು ಬೆಲೆ ಬರುತ್ತೆ ಅಜ್ಜಿ, ಬರೀ ಅರಗು. ಹಾಡಿಸೋ ಪೆಟ್ಟಿಗೆನೇ ಇಲ್ಲ ಈಗ," ಎಂದಿದ್ದ. ಗೀರಿಲ್ಲದವನ್ನಷ್ಟೇ ಆರಿಸಿ ಪೆಟ್ಟಿಗೆಯ ಒಂದು ಬದಿಗೆ ಇಟ್ಟ. ಎಲ್ಲಕ್ಕಿಂತ ಮೇಲೆ ತಾಯಿಯದು. ಇವನ್ನು ಈಗಲೇ ಒಯ್ಯುತ್ತೇನೆ ಎಂದ.

ಅಜ್ಜಿ ಒಪ್ಪಲಿಲ್ಲ. ಮನೆಗೆ ಬಂದವರು ಉಣ್ಣದೆ ಇಲ್ಲಿಂದ ಏನನ್ನೂ ಒಯ್ಯುವಂತಿಲ್ಲ, ಅದು ತನ್ನ ಗಂಡ ನಡೆಸಿಕೊಂಡು ಬಂದ ರೂಢಿ ಎಂದಳು. ಒಲೆಯ ಮೇಲಿಂದ ಮುದ್ದೆ ಇಳಿಸಿ ತಟ್ಟೆ ತಂದಳು. ಬಣ್ಣ ಹೋಗಿ ತುಕ್ಕು ತಿಂದ ತಗಡಿನ ತಟ್ಟೆ. ಮನೆಯಲ್ಲಿ ಇದ್ದದ್ದು ಅದೊಂದೇ. ಅಷ್ಟರಲ್ಲಿ ಕಿಸುಮುವಿನ ಕೊನೆಯ ಬಸ್ಸು ಕೂಗಿತು. ಒಬಿಯೆರೊ ತಟ್ಟೆಯನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿದ. ಮುಂದಿನ ಸಲ ಖಂಡಿತ ಉಣ್ಣುತ್ತೇನೆ ಎಂದು ಎದ್ದ. ಅಜ್ಜಿ ಹೆಗಲ ಬಟ್ಟೆಯ ತುದಿಯಿಂದ ತಟ್ಟೆಯ ಅಂಚು ಮುಚ್ಚಿಕೊಂಡಳು. ಆದರೂ ಅವನ ಹಿಂದೆಯೇ ಓಡಿಬಂದು, ಬಸ್ಸಿನ ಕಿಟಕಿಯಲ್ಲಿ ಸುಟ್ಟ ಜೋಳದ ತೆನೆ ತುರುಕಿದ್ದಳು.

ಆ ಬದಿಗಿಟ್ಟ ರಾಶಿ ಈಗ ಇಲ್ಲ.

ಮಿಕ್ಕ ಪೆಟ್ಟಿಗೆಗಳನ್ನೂ ಅವನು ಮಗುಚಿ ನೋಡಿದ. ಗೀರು ಬಿದ್ದವು, ಅಂಚು ಮುರಿದವು ಎಲ್ಲ ಇದ್ದವು. ಆರಿಸಿ ಇಟ್ಟವೇ ಇಲ್ಲ. ಅಂದರೆ ಬಲ್ಲವನ ಕೈ. ಅವನ ಎದೆಯಲ್ಲಿ ಒಂದೇ ಹೆಸರು ಕುದಿಯಿತು: ಒದುಂಡೊ. ಹಳೆಯ ರೆಕಾರ್ಡುಗಳನ್ನು ಹೆಕ್ಕಿ ಪರದೇಶದವರಿಗೆ ಸಾಗಿಸುವ ಕಿಸುಮುವಿನ ದಲ್ಲಾಳಿ. ಅವನ ಕೈ ಸೇರಿದ್ದು ಮತ್ತೆ ಈ ನೆಲದಲ್ಲಿ ಹಾಡಿದ್ದಿಲ್ಲ.

ಅಂಗಳಕ್ಕೆ ಬಂದ. ಹಸಿ ಮಣ್ಣಿನಲ್ಲಿ ಮೋಟಾರುಬೈಕಿನ ಗಾಲಿಯ ಗುರುತು.

"ಯಾರು ಬಂದಿದ್ರು ಅಜ್ಜಿ?"

"ಇದ್ದಿಲಿನವನು. ಒಂದು ಮೂಟೆ ಪೂರ್ತಿ ತರಿಸ್ಕೊಂಡೆ. ಸೌದೆ ಬೆಂಕಿ ಸರಿಹೋಗಲ್ಲ, ಹೊಗೆ ಬಡಿಯುತ್ತೆ."

"ಒದುಂಡೊ ಬಂದಿರಲಿಲ್ವಾ?"

"ಬಂದಿದ್ದ. ಬಾಯಲ್ಲಿ ಬೆಲ್ಲ, ಬಗಲಲ್ಲಿ ಬಲೆ. ಬಾಗಿಲಿಂದಾಚೆನೇ ಕಳಿಸ್ದೆ. ನಿನಗೆ ಅಂತ ಇಟ್ಟಿದ್ದನ್ನ ಆ ಬಕಪಕ್ಷಿ ಕೈಗೆ ಕೊಡ್ತೀನಾ ಮಗ?"

ಅವಳ ಹೆಬ್ಬೆರಳಿಗೆ ಬಟ್ಟೆಯ ಚಿಂದಿ ಸುತ್ತಿತ್ತು. ಸುಟ್ಟುಕೊಂಡಿರಬೇಕು. ಬೇರೆ ಹೊತ್ತಾಗಿದ್ದರೆ ಕೇಳುತ್ತಿದ್ದ. ಈಗ ಅವನ ಕಣ್ಣಿಗೆ ಅದು ಸುಳ್ಳು ಹೇಳುವ ಮುದುಕಿಯ ಕೈ ಮಾತ್ರ. ಆದರೂ ಆ ಮುಖದಲ್ಲಿ ಸುಳ್ಳಿನ ನೆರಳಿರಲಿಲ್ಲ. ಹಬ್ಬದ ದಿನದ ಮಗುವಿನಂಥ ಹುರುಪಿತ್ತು.

ಅವನ ಜಂಬವೆಲ್ಲ ಕರಗಿತು. ಅಂಗಳದಲ್ಲೇ ಕುಕ್ಕರಿಸಿ, ಎಂದೂ ಯಾರಿಗೂ ಹೇಳದ್ದನ್ನು ಹೇಳಿಬಿಡಬೇಕೆಂದುಕೊಂಡ: ಅದರಲ್ಲಿರುವುದು ನನ್ನ ತಾಯಿಯ ದನಿ, ಒಮ್ಮೆಯೂ ಕೇಳಿಲ್ಲ, ಇನ್ನೊಂದು ಪ್ರತಿ ಎಲ್ಲೂ ಸಿಕ್ಕಿಲ್ಲ. ಆದರೆ ಹೊರಬಂದದ್ದು ಇಷ್ಟೇ:

"ಅಜ್ಜಿ, ಮೇಲಿದ್ದದ್ದು... ಆ ಕೆಂಪು ಕಾಗದದ್ದು... ಇದೆಯಾ?"

"ಅಯ್ಯೋ, ಅದನ್ನ ಬಿಡ್ತೀನಾ? ಎಲ್ಲಕ್ಕಿಂತ ನುಣುಪು ಅದೇ ಅಲ್ವಾ? ಅದನ್ನ ನಿನಗೇ ಅಂತ ಇಟ್ಟಿದೀನಿ. ಉಳಿದವನ್ನ ಅಕ್ಕಪಕ್ಕದವರಿಗೆ ಕೊಟ್ಟೆ, ಪಾಪ, ಅವರ ಮನೇಲೂ ಇಲ್ಲ. ಮೊದಲು ಊಟ. ಈ ಸಲ ಬಸ್ಸಿನ ನೆಪ ಹೇಳಿದ್ರೆ ಕಾಲು ಕಟ್ಟಿಹಾಕ್ತೀನಿ."

ಇದೆ. ಅವನಿಗೆ ಅಳು ಬರುವಂತಾಯಿತು. ಉಳಿದವು ಯಾರ ಮನೆಗಾದರೂ ಹೋಗಲಿ. ಒದುಂಡೊನನ್ನು ಬೈದುಕೊಂಡದ್ದಕ್ಕೂ, ಈ ಮುದುಕಿಯನ್ನು ಶಂಕಿಸಿದ್ದಕ್ಕೂ ನಾಚಿಕೆಯಾಯಿತು. ಚಾಪೆಯ ಮೇಲೆ ಕಾಲು ಮಡಿಸಿ ಕುಳಿತ. ಅಜ್ಜಿ ಚೊಂಬಿನಿಂದ ಬಿಸಿನೀರು ಸುರಿದು ಅವನ ಎರಡೂ ಕೈ ತೊಳೆಸಿದಳು, ಸುಟ್ಟ ಬೆರಳು ನೆನೆಯದಂತೆ ಎತ್ತಿ ಹಿಡಿದು.

"ಹೋದ ಸಲ ನನ್ನ ತೂತು ತಟ್ಟೆ ನೋಡಿ ಎದ್ದುಹೋದೆ," ಎಂದಳು, ತಲೆ ತಗ್ಗಿಸಿ. "ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಮಗ. ಪೇಟೆಯಿಂದ ಬಂದೋನು, ಅಂಥಾದ್ರಲ್ಲಿ ಹೇಗೆ ತಿಂತಾನೆ? ಬರೀ ಅರಗು ಅಂತ ನೀನೇ ದಾರಿ ತೋರಿಸ್ದೆ."

ಒಳಗೆ ಹೋಗಿ ಬಂದು, ಬಿಸಿ ಮುದ್ದೆಯನ್ನೂ ಮೀನಿನ ತುಂಡನ್ನೂ ಅವನ ಕೈಗಿತ್ತಳು: ಕಪ್ಪಗೆ ಮಿರುಗುವ ಹೊಸ ಬಟ್ಟಲಲ್ಲಿ. ಕೆಂಡದಲ್ಲಿ ಕಾಯಿಸಿ ಮಡಕೆಯ ಮೇಲೆ ಒತ್ತಿ ಬಾಗಿಸಿದ ಅದರ ಮೈತುಂಬ ಕೂದಲೆಳೆಯಂಥ ಗೆರೆಗಳು ಸುತ್ತುಸುತ್ತಿ ಇಳಿದು, ಮುದ್ದೆಯ ಬದಿಯಲ್ಲಿ ಇಣುಕುತ್ತಿದ್ದ ಕೆಂಪು ಕಾಗದದ ಮೇಲಿನ ಅಡೋಯೊಳ ಹೆಸರಿನ ಬಳಿ ನಿಂತಿದ್ದವು.