ಹಸಿರು ದಾರ

ಗುಪ್ತ ಸಾಧನ ಪತ್ತೆ ಹಚ್ಚುವ ಮೀಟರು ಋಷಿಕೇಶನ ಸ್ವಂತ ಬ್ಯಾಗಿನ ಮುಂದೆಯೇ ಚೀರಿತು. ಹಿಂಜವಾಡಿಯ ಕಂಪನಿಯೊಂದರಲ್ಲಿ ಯಾರೋ ಅಡಗಿಸಿಟ್ಟ ಮೈಕು ಹುಡುಕಲು ಹೊರಟಿದ್ದವನು, ಬ್ಯಾಟರಿ ಸರಿಯಿದೆಯೇ ಎಂದು ಮನೆಯಲ್ಲೇ ಅದನ್ನು ಹಚ್ಚಿ ನೋಡಿದ್ದ. ಬ್ಯಾಗಿನ ಒಳಪದರದ ಹೊಲಿಗೆ ಬಿಚ್ಚಿದಾಗ ಹೋದಲ್ಲೆಲ್ಲ ಜಾಡು ತೋರಿಸುವ, ಗುಂಡಿಯಷ್ಟಗಲದ ಟ್ರ್ಯಾಕರ್ ಸಿಕ್ಕಿತು.

ಹಿಂದೆ ಹಡಪಸರದಲ್ಲಿ ಇಂಥದೇ ಮೈಕು ಇಟ್ಟು ತನ್ನ ಕೈಗೆ ಸಿಕ್ಕಿಬಿದ್ದವರದೇ ಕೆಲಸ ಅಂದುಕೊಂಡ. ಆಮೇಲೆ ಬಿಚ್ಚಿದ ಹೊಲಿಗೆಯ ದಾರ ನೋಡಿದ. ಹೆಂಡತಿ ಕೇತಕಿ ಮೊನ್ನೆ ಅವನ ಅಂಗಿತೋಳಿನ ಗುಂಡಿ ಹಚ್ಚಿದ್ದೂ ಇದೇ ಹಸಿರು ದಾರದಿಂದ.

ಸಿಕ್ಕಿದ್ದನ್ನು ಕೀಳಬೇಡಿ, ಇಟ್ಟವರು ಎಚ್ಚರಾಗುತ್ತಾರೆ ಎಂದು ಗಿರಾಕಿಗಳಿಗೆ ಅವನೇ ಹೇಳುತ್ತಿದ್ದ. ಟ್ರ್ಯಾಕರನ್ನು ಇದ್ದಲ್ಲೇ ತೂರಿಸಿ ಬ್ಯಾಗ್ ಮುಚ್ಚಿದ.

“ಡಬ್ಬಿ ತಗೋರಿ,” ಎನ್ನುತ್ತ ಕೇತಕಿ ಬಂದಳು.

“ಎಲ್ಲಿಗೆ ಹೊಂಟಿರಿ ಅಂತ ಈಗೀಗ ಕೇಳೂದ ಇಲ್ಲಲ್ಲ ನೀ?”

“ನಂಬಿಕಿ ಬಂದದ್ರಿ,” ಎಂದು ಅವಳು ಬ್ಯಾಗಿನ ಪಟ್ಟಿಯನ್ನು ಅವನ ಹೆಗಲಿಗೆ ಏರಿಸಿದಳು.