ಹರಳಿನೊಳಗಿನ ಕೂದಲು

ಕಾಲೇಜಿನ ತಪಾಸಣೆಗೆ ಬಂದಿದ್ದ ಪ್ರೊಫೆಸರು ನೀಲಿ ಹರಳನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದರೊಳಗೆ ಕೂದಲಿದೆಯಲ್ಲ!” ಎಂದರು. ಕಾಫಿಯ ತಟ್ಟೆ ಹಿಡಿದು ನಿಂತಿದ್ದ ರೂಪಶ್ರೀ ತಲೆಯೆತ್ತಿ ನೋಡಿದಳು.

ಅದು ಅವಳದೇ ಕೂದಲು. ಬಿ.ಎಸ್ಸಿ. ಘನಸ್ಥಿತಿ ರಸಾಯನಶಾಸ್ತ್ರದ ಪ್ರಾಜೆಕ್ಟಿಗೆಂದು, ಶುಂಠಿಗೆ ಹೊಡೆಯಲು ಅಪ್ಪ ತಂದಿಟ್ಟಿದ್ದ ಮೈಲುತುತ್ತವನ್ನು ತನ್ನೂರು ಹಂಪಾಪುರದಿಂದ ಪೊಟ್ಟಣ ಕಟ್ಟಿ ತಂದವಳೂ ಅವಳೇ. ಬೆಳೆಸಬೇಕಾದ ಹರಳನ್ನು ನೂಲಿಗೆ ಕಟ್ಟಿದರೆ ನೂಲಿನುದ್ದಕ್ಕೂ ಪುಡಿ ಹರಳು ಹತ್ತಿಕೊಳ್ಳುತ್ತದೆಂದು ತನ್ನ ಜಡೆಯಿಂದ ಒಂದೆಳೆ ಕಿತ್ತು, ಅಕ್ಕಿಕಾಳಿನಷ್ಟು ಹರಳನ್ನು ಅದಕ್ಕೆ ಬಿಗಿದು ಮೈಲುತುತ್ತದ ದ್ರಾವಣದಲ್ಲಿ ಇಳಿಬಿಟ್ಟಿದ್ದಳು. ಐದು ವಾರ ಆ ಬೀಕರನ್ನು ಯಾರೂ ಅಲುಗಿಸದಂತೆ ಕಾದಿದ್ದಳು.

ನಿನ್ನೆ ರಸಾಯನಶಾಸ್ತ್ರದ ಮೇಡಂ, “ನೀನು ಇಂಗ್ಲಿಷಲ್ಲಿ ತಡವರಿಸ್ತೀಯಮ್ಮ. ಲಿಂಗರಾಜು ತೋರಿಸ್ಲಿ, ನೀನು ಕಾಫಿ ನೋಡ್ಕೊ,” ಎಂದು ಹರಳಿನ ಚೀಟಿಯ ಮೇಲೆ ಅವನ ಹೆಸರು ಬರೆದಿದ್ದರು. “ಬೇಜಾರ್ ಮಾಡ್ಕಬ್ಯಾಡ ಕಣಮ್ಮಿ. ಅವ್ರು ಕೇಳುದ್ರೆ ನಿನ್ನೆಸ್ರೇ ಏಳ್ತೀನಿ ಬುಡು,” ಎಂದಿದ್ದ ಅವಳ ಸಹಪಾಠಿ ಲಿಂಗರಾಜು.

ಈಗ ಪ್ರೊಫೆಸರು ಹರಳಿನಿಂದ ಹೊರಗೆ ಇಳಿಬಿದ್ದಿದ್ದ ಎಳೆಯನ್ನೂ ಅವನ ಗಿಡ್ಡ ಕ್ರಾಪನ್ನೂ ನೋಡಿ ನಕ್ಕರು. “ಇಷ್ಟುದ್ದದ ಕೂದಲು ಯಾರದಪ್ಪ?”

ಲಿಂಗರಾಜು ಒಮ್ಮೆ ರೂಪಶ್ರೀಯ ಕಡೆ ನೋಡಿದ. ಆಮೇಲೆ ನೆಲ ನೋಡುತ್ತ, “ನಮ್ಮವ್ವಂದು ಸರ್,” ಎಂದ.

“ಭೇಷ್! ತಾಯಿಯನ್ನೂ ಲ್ಯಾಬಿಗೆ ಕರೆತಂದಿದ್ದೀಯ,” ಎಂದು ಪ್ರೊಫೆಸರು ಅವನ ಬೆನ್ನು ತಟ್ಟಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಚಪ್ಪಾಳೆಯ ಮಧ್ಯೆಯೇ ಮೇಡಂ ರೂಪಶ್ರೀಯ ಕಿವಿಯ ಬಳಿ ಬಾಗಿದರು.

“ಜಡೆ ಹಿಂದಕ್ಕೆ ಹಾಕ್ಕೊಳಮ್ಮ. ಕಾಫಿಗೆ ಕೂದಲು ಬಿದ್ದೀತು.”