ನೀಲವ್ವನಿಗೆ ಹೊಸ ಕಾರ್ಡು

ತೀರಿಕೊಂಡ ಮೇಲೂ ನನ್ನ ಹೆಂಡತಿ ನೀಲವ್ವ, ಎಲ್ಲ ಮನೆಗಳ ಹಿರಿಯರಂತೆ, ಕಂಪ್ಯೂಟರಿನ ಪರದೆಯಲ್ಲಿ ಕುಳಿತು ದಿನವೂ ನನ್ನೊಡನೆ ಲಿಂಗಪೂಜೆ ಮಾಡುತ್ತಾಳೆ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಹಳತಾಗಿ ಪೂಜೆಯ ನಡುವೆಯೇ ಅವಳು ಅಲುಗಾಡದೆ ನಿಂತುಬಿಡುತ್ತಿದ್ದಳು. ಅದಕ್ಕೇ ಅವಳನ್ನು ಕಂಪ್ಯೂಟರ್ ಅಂಗಡಿಗೆ ಕರೆದೊಯ್ದೆ.

ಅಂಗಡಿಯ ಸಂಗಮೇಶ ಎರಡು ಹೊಸ ಕಾರ್ಡು ಹಾಕಿ ತೋರಿಸಿದ. ಅಗ್ಗದ್ದರಲ್ಲಿ ಅವಳ ಮುಖ ನುಣುಪಾಗಿ, ಮದುವೆಯ ದಿನದಂತೆ ಇತ್ತು. ದುಬಾರಿಯದರಲ್ಲಿ ಕೊನೆಯ ಬೇನೆಯ ಕಪ್ಪು ಕಲೆಗಳೆಲ್ಲ ಎದ್ದು ಕಂಡವು.

“ಇದು ನಾಕು ಪಟ್ಟು ಜೋರ್ ಐತ್ರಿ, ಅಜ್ಜಾರ. ಒಂದೊಂದು ಕೂದ್ಲಾ ಎಣಸಬಹುದು!”

“ಬ್ಯಾಡಪಾ, ಆ ಅಗ್ಗದ ಕಾರ್ಡ ಇರಲಿ,” ಎಂದೆ.

“ಯಾಕ್ರೀ, ಇದರಾಗ ನಾ ಛಂದ ಕಾಣಂಗಿಲ್ಲೇನು?” ಪರದೆಯಿಂದ ನೀಲವ್ವ ಕೇಳಿದಳು.

ಅವಳು ಮೆಲ್ಲಗೆ ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡಳು. ಆ ಸೆರಗಿನ ಒಂದೊಂದು ಎಳೆಯೂ ಸ್ಪಷ್ಟವಾಗಿ ಕಾಣುತ್ತಿತ್ತು.